ಮೆತ್ತನೆಯ ಅಡುಗೆ

ಬೆಳಕು ನೆಟ್ಟಗೆ ಬಾಯೊಳಕ್ಕೇ ಬೀಳುತ್ತಿದೆ, ದುಂಡನೆಯ ದೀಪ, ದೀಪದ ಸುತ್ತ ಸ್ಟೀಲಿನ ಅಂಚು, ಆ ಅಂಚಿನೊಳಗೆ ಒಂದು ಬಾಯಿ ಕಾಣುತ್ತಿದೆ, ಸೊಟ್ಟಗೆ, ಕೆರೆಯಿಂದ ಎತ್ತಿ ಹಾಕಿದ ಮೀನಿನ ಬಾಯಿಯ ಹಾಗೆ — ಅದು ತನ್ನದೇ ಬಾಯಿ ಅಂತ ಶಾಮಲಮ್ಮನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು, ತಿಳಿದ ಕೂಡಲೇ ಸೆರಗು ಎಳೆದುಕೊಳ್ಳಲು ಕೈ ತಾನಾಗಿ ಮೇಲೆದ್ದಿತು, ಅಮ್ಮಾ, ಕೈ ಕೆಳಗಿಡಿ, ಇಂಜಕ್ಷನ್ ಕೊಟ್ಟಾಯ್ತು, ಇನ್ನು ಮರಗಟ್ಟೋವರ್ಗೂ ಸುಮ್ನೆ ಒರಗಿರಿ ಅಂದಳು ಡಾಕ್ಟರಮ್ಮ, ವಿಭಾ ಅಂತ ಹೆಸರಂತೆ, ಮುಳಬಾಗಿಲಿನವಳಂತೆ, ಮಗಳು ಗಂಗಾಳ ವಯಸ್ಸೇ ಇರಬೇಕು, ಮೂಗಿನಿಂದ ಕೆಳಗೆ ಹಸಿರು ಬಟ್ಟೆ ಕಟ್ಟಿಕೊಂಡಿರುವುದರಿಂದ ಅವಳ ಹಲ್ಲು ಹೇಗಿವೆಯೋ ಯಾರಿಗೂ ಕಾಣುವುದಿಲ್ಲ, ಊರಿನವರ ಹಲ್ಲೆಲ್ಲ ಅವಳಿಗೆ ಕಾಣುತ್ತವೆ, ಎಡಗಡೆಯ ತುಟಿ ಊದುತ್ತಿದೆಯೋ ಹೇಗೆ, ಊದಿ ಊದಿ ಕಡುಬಿನಷ್ಟಾಗಿದೆ ಅನ್ನಿಸುತ್ತದೆ, ಕಣ್ಣು ಓರೆ ಮಾಡಿ ದೀಪದ ಅಂಚಿನಲ್ಲಿ ನೋಡಿದರೆ ಹಾಗೇನಿಲ್ಲ, ಇದ್ದ ಹಾಗೇ ಇದೆ, ನಾಲಗೆಗೆ ಹತ್ತಿ ತಾಗುತ್ತದೆ, ಹೀಗೆ ಬಾಯಿ ತೆರೆದುಕೊಂಡೇ ಇದ್ದರೆ ಮಾತಾಡುವುದು ಹೇಗೆ, ಮಾತಾಡಬೇಕು, ಈಗಿಂದೀಗಲೇ ಮಾತಾಡಬೇಕು, ಅಗೋ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ತನ್ನ ವೈರ್ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಚಪ್ಪಲಿಯನ್ನು ಯಾರೋ ಕದ್ದೊಯ್ಯುತ್ತಾರೆ ಅನ್ನುವ ಹಾಗೆ ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದಾನಲ್ಲ ಮುನಿರಾಮಪ್ಪ, ಆ ಗಂಡನೆಂಬ ಗಂಡನಿಗೆ ಹೊಟ್ಟೆತುಂಬ ಬೈಯಬೇಕು, ಬೆಳಗ್ಗೆ ಸುಗಟೂರಿನಿಂದ ಕೋಲಾರದ ಬಸ್ಸು ಹತ್ತಿದ್ದು ಅವನ ಹಲ್ಲು ತೋರಿಸುವುದಕ್ಕೆ, ಈಗ ಈ ಕುರ್ಚಿಯಲ್ಲಿ ಅಂಗಾತ ಮಲಗಿರುವವಳು ತಾನು, ಬೈಯೋಣ ಅಂದರೆ ಬಾಯಿ ಈ ಹುಡುಗಿಯ ಕೈಯಲ್ಲಿದೆ.

ಒಂದು ವರ್ಷ, ಒಂದು ವರ್ಷ ನಡೆಸಿದ್ದಾನೆ ಈ ನಾಟಕ, ರೇಷ್ಮೆಹುಳು ಹಣ್ಣಾಗುವ ವಾರ ಅದು, ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಹುಳು ಗೂಡು ಕಟ್ಟುವ ಚಂದ್ರಿಕೆ, ಆ ಗಡಿಬಿಡಿಯಲ್ಲಿ ಊಟಕ್ಕೆ ಕೂತವನು ಕೆನ್ನೆ ಹಿಡಿದುಕೊಂಡ, ಯಾಕೋ ಹಲ್ಲು ಚುಳ್ ಅಂತದೆ ಕಣೇ ಶಾಮ್ಲಾ, ಇನ್ಮೇಲೆ ಒಸಿ ಮೆತ್ತಗೆ ಬೇಯ್ಸು ಅಂದ, ಅಯ್ಯೋ ಪಾಪ ಅನ್ನಿಸಿತು, ಪಾಪ ಅನ್ನಿಸುವುದರ ಜೊತೆಗೇ ಒಳಗೊಳಗೆ ಒಂದು ಸಮಾಧಾನ, ಅದನ್ನು ಯಾರಿಗೆ ಹೇಳುವುದು, ತನ್ನ ಎಡಗಡೆಯ ದವಡೆ ಆಗಲೇ ಬಹಳ ದಿನದಿಂದ ಹಿಂಸೆ ಕೊಡುತ್ತಿತ್ತು, ತಣ್ಣೀರು ಸೋಕಿದರೆ ನೆತ್ತಿಯವರೆಗೂ ಹತ್ತುತ್ತಿತ್ತು, ಲವಂಗ ಇಟ್ಟಾಯಿತು, ಉಪ್ಪುನೀರು ಮುಕ್ಕಳಿಸಿಯಾಯಿತು, ಹಿತ್ತಲಿಗೆ ಹೋಗಿ ಕಡ್ಡಿಪುಡಿ ಉಜ್ಜಿಯಾಯಿತು, ಆ ಹೊಗೆಸೊಪ್ಪಿನ ಪುಡಿ ಉಜ್ಜಿದಾಗ ಒಂದು ಗಳಿಗೆ ಮರೆವು, ಆಮೇಲೆ ಮತ್ತೆ ಅದೇ — ಹಾಗಿರುವಾಗ ಗಂಡನಿಗೇ ಮೆತ್ತನೆಯ ಅಡುಗೆ ಬೇಕಾದರೆ ಇನ್ನೇನು ಬೇಕು, ಅವನ ಹೆಸರಿನಲ್ಲಿ ತಾನೂ ಉಂಡಳು, ಮಸ್ಸೊಪ್ಪು ಮಾಡಿದಳು, ಹುರುಳಿಕಾಳನ್ನು ಕೈಯಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಿಸಿದಳು, ಅವರೆಕಾಯಿಯ ಕಾಲ ಬಂದಾಗ ನೆನೆಹಾಕಿ ಒಂದೊಂದೇ ಕಾಳಿನ ಸಿಪ್ಪೆ ಹಿತುಕಿ ಹಿತುಕಿ ಬೆರಳೆಲ್ಲ ಸುಕ್ಕಾದವು, ಮುದ್ದೆಗಂತೂ ಹಲ್ಲೇ ಬೇಡ, ಮುರಿದು ಅದ್ದಿ ನುಂಗಿದರಾಯಿತು, ಮುದ್ದೆ ತಿನ್ನುವವರ ಹಲ್ಲು ಹೋದದ್ದು ಮನೆಯವರಿಗೂ ತಿಳಿಯುವುದಿಲ್ಲ, ಸಂಕ್ರಾಂತಿಯ ಕಬ್ಬು ಮೂಲೆಯಲ್ಲಿ ಒಣಗಿ ಹಸುವಿನ ಪಾಲಾಯಿತು, ಗಂಗಾ ಮುಳಬಾಗಿಲಿನ ಗಂಡನ ಮನೆಯಿಂದ ಡಬ್ಬಿ ತುಂಬ ನಿಪ್ಪಟ್ಟು ತಂದರೆ, ನಂಗ್ ಬ್ಯಾಡ ಕಣವ್ವ, ಹಲ್ಲಾಗಲ್ಲ ಅಂತ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ, ಸರಿಸುವಾಗ ಡಬ್ಬಿಯನ್ನೇ ನೋಡುತ್ತಿದ್ದ, ಆ ನೋಟ ಆವತ್ತೇ ಅರ್ಥವಾಗಬೇಕಿತ್ತು.

ಅದಿರಲಿ, ವೇಮಗಲ್‌ನಲ್ಲಿ ಮೈದುನ ಮುನಿಯಲ್ಲಪ್ಪನ ಮನೆಯ ಬಾಡೂಟ, ಅದಾದರೂ ಅರ್ಥವಾಗಬೇಡವೇ, ಎಲೆಯ ಮೇಲೆ ನಲ್ಲಿಮೂಳೆ ಬಿದ್ದಿದೆ, ಆ ಮನುಷ್ಯ ನಲ್ಲಿಮೂಳೆ ಅಂದರೆ ಮದುವೆಯ ಮನೆಯಲ್ಲೇ ಹೆಸರು ಮಾಡಿದವನು, ಹೊಸದಾಗಿ ಮದುವೆಯಾದಾಗ ತಾನು ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು, ಮೂಳೆಯನ್ನು ದವಡೆಗಿಟ್ಟು ಕಟಕ್ ಅನ್ನಿಸಿ, ಒಳಗಿನದನ್ನು ಹೀರಿ, ಖಾಲಿ ಮೂಳೆಯಲ್ಲಿ ಕೊಳಲಿನ ಹಾಗೆ ಊದಿ ಮಕ್ಕಳನ್ನು ನಗಿಸುತ್ತಿದ್ದ, ಎಂಥ ಗಂಡನಪ್ಪಾ ಅಂತ ಹೆದರಿಕೆ, ನಗು, ಎರಡೂ — ಅಂಥವನು ಆವತ್ತು ಆ ಮೂಳೆಯನ್ನು ಎತ್ತಿ ತಮ್ಮನ ಎಲೆಗೆ ಹಾಕಿದ, ತಗೋಳೋ, ನಂಗಾಗಲ್ಲ, ಬರೀ ಸಾರು ಬಿಡಿ ಸಾಕು ಅಂದ, ಪಂಕ್ತಿಯವರೆಲ್ಲ ಅಯ್ಯೋ ಮುನಿರಾಮಣ್ಣನಿಗೂ ವಯಸ್ಸಾಯ್ತೇ ಅಂದರು, ತಾನು ಹೆಂಗಸರ ಸಾಲಿನಲ್ಲಿ ಕೂತು ಸಾರನ್ನದ ತುತ್ತನ್ನು ಬಲಗಡೆಗೆ ತಳ್ಳಿ ನುಂಗುತ್ತಾ ಕಣ್ಣೊರೆಸಿಕೊಂಡಿದ್ದಳು, ಗಂಡ ಮುದುಕನಾಗುತ್ತಿದ್ದಾನೆ ಅಂತ, ಆಸ್ಪತ್ರೆಗೆ ತೋರಿಸಬಾರದಾ ಅಂತ ಕೇಳಿದ್ದಳು ಕೂಡ, ಹೋಗಾಣ ಹೋಗಾಣ, ನೀನು ಬಂದ್ರೆ ಹೋಗಾಣ ಅಂದಿದ್ದ, ನೀನು ಬಂದ್ರೆ, ಪ್ರತಿ ಸಲ ಅದೇ ಮಾತು, ನೀನು ಬಂದ್ರೆ, ಪ್ರತಿ ಸಲವೂ ತಾನು ಮಾತು ಬದಲಿಸಿದ್ದಳು, ಹಲ್ಲಿನ ಆಸ್ಪತ್ರೆಯ ಬಾಗಿಲು ಕೂಡ ತಾನು ನೋಡುವವಳಲ್ಲ.

ಅಮ್ಮ. ಹಲ್ಲು ಅಂದರೆ ಅಮ್ಮನೇ ಬಂದು ನಿಲ್ಲುತ್ತಾಳೆ, ಬೇಡ ಅಂದರೂ, ಶ್ರೀನಿವಾಸಪುರದ ಕಡೆಯ ಆಂಜಿನಮ್ಮ, ಮಾವಿನ ತೋಪಿನಲ್ಲಿ ಕಾಯಿ ಆಯುವ ಕೆಲಸಕ್ಕೆ ಹೋಗುತ್ತಿದ್ದವಳು, ತೆಲುಗಿನಲ್ಲೇ ಬೈದು ತೆಲುಗಿನಲ್ಲೇ ಮುದ್ದು ಮಾಡುತ್ತಿದ್ದವಳು, ಸಂತೆಯಲ್ಲಿ ಗೋಣಿಚೀಲ ಹಾಸಿ ಕೂತಿದ್ದ ಒಬ್ಬ, ಮುಂದೆ ಒಂದು ತಟ್ಟೆ ತುಂಬ ಕಿತ್ತ ಹಲ್ಲುಗಳು, ಯಾರ ಯಾರದ್ದೋ, ಅವನ ಕೈಯಲ್ಲಿ ತುಕ್ಕು ಹಿಡಿದ ಇಕ್ಕಳ, ಅಮ್ಮ ತನ್ನ ಕೈಯನ್ನು ಹಿಸುಕಿ ಹಿಡಿದು ಬಾಯಿ ತೆರೆದಳು, ಆಮೇಲೆ ಸೀರೆಯ ಮೇಲೆಲ್ಲ ರಕ್ತ, ಮನೆಗೆ ಬಂದ ಮೇಲೆ ಜ್ವರ, ಕತ್ತು ಗಲ್ಲ ಒಂದೇ ಆಗಿ ಉಸಿರು ಎಳೆಯಲಾರದೆ, ಅಷ್ಟರಲ್ಲೂ ಏಮೀ ಲೇದುಲೇ ಪಾಪಾ, ಏಮೀ ಲೇದು, ಏನೂ ಇಲ್ಲ ಬಿಡು ಮಗಳೇ ಅನ್ನುತ್ತಾ ಅನ್ನುತ್ತಾ ಹೋಗಿಬಿಟ್ಟಳು, ಹಲ್ಲು ಕೀಳಿಸಿಕೊಂಡು ಸತ್ತಳು ಆಂಜಿನಮ್ಮ ಅಂತ ಊರೆಲ್ಲ ಅಂದಿತು, ತಾನಿನ್ನೂ ಮೈನೆರೆಯದ ಹುಡುಗಿ, ಊರು ಅಂದದ್ದನ್ನೇ ಎದೆಯಲ್ಲಿ ಇಟ್ಟುಕೊಂಡಳು, ನನ್ನ ಬಾಯಿಗೆ ಯಾರೂ ಕೈ ಹಾಕುವ ಹಾಗಿಲ್ಲ ಅಂತ, ಇದನ್ನು ಮುನಿರಾಮಪ್ಪನಿಗೆ ಹೇಳಿದ್ದು ಒಂದೇ ಒಂದು ಸಲ, ಗಂಗಾ ಹೊಟ್ಟೆಯಲ್ಲಿದ್ದಾಗ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ, ಅವನು ಹಸುವಿನ ಬೆನ್ನು ಸವರುತ್ತಾ ನಿಂತಿದ್ದ, ಕೇಳಿಸಿಕೊಂಡನೋ ಇಲ್ಲವೋ ಅಂದುಕೊಂಡಿದ್ದಳು, ಕೇಳಿಸಿಕೊಂಡಿದ್ದ, ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ.

ಇವತ್ತು ಬೆಳಗ್ಗೆ ಏನೆಲ್ಲ ಆಡಿದ, ಅಯ್ಯಯ್ಯೋ ತಡ್ಕೊಳಕಾಗಲ್ಲ ಶಾಮ್ಲಾ, ಒಬ್ಬನೇ ಹೋಗಕ್ಕೆ ಹೆದ್ರಿಕೆ ಕಣೇ, ಸೂಜಿ ಅಂದ್ರೆ ನಂಗಾಗಲ್ಲ, ಗಂಗಾ ಬೇರೆ ಪಕ್ಕದ ಮನೆಯವರ ಫೋನಿಗೆ ಕರೆ ಮಾಡಿ, ಅಮ್ಮಾ, ಅಪ್ಪ ಒಬ್ರೇ ಹೋಗಲ್ಲ, ನೀನು ಕೂತು ತೋರಿಸ್ಕೊಂಡು ಬಾ, ಅಲ್ಲಿ ದುಡ್ಡು ಕೀಳೋರಲ್ಲ, ನನ್ನ ಹಲ್ಲಿನ ಕಂದು ಪಟ್ಟೆ ಉಜ್ಜಿ ಸರಿ ಮಾಡಿದ್ರಲ್ಲ ಅದೇ ಡಾಕ್ಟ್ರು ಅಂದಳು, ಗಂಗಾಳ ಹಲ್ಲು, ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮ ಬೀದಿಯ ಮಕ್ಕಳ ಹಲ್ಲೆಲ್ಲ ಹಾಗೇ, ಬೆಲ್ಲದ ಪಾಕ ಹಚ್ಚಿದ ಹಾಗೆ ಪಟ್ಟೆ ಪಟ್ಟೆ, ಸ್ಕೂಲಿನ ಫೋಟೋದಲ್ಲಿ ಅವಳು ತುಟಿ ಬಿಗಿದು ನಿಂತಿದ್ದಾಳೆ, ಈಗ ನಗುತ್ತಾಳೆ, ಫೋನಿನಲ್ಲೇ ಗೊತ್ತಾಗುತ್ತದೆ ಅವಳು ಬಾಯಿಬಿಟ್ಟು ನಗುವುದು, ಆ ಕಳ್ಳಿಯೂ ಅಪ್ಪನ ಜೊತೆ ಸೇರಿದ್ದಾಳೆ ಅಂತ ಯಾರಿಗೆ ಗೊತ್ತಿತ್ತು — ಚೀಟಿ ಮಾಡಿಸಿ, ಸರದಿ ಬಂದು, ಮುನಿರಾಮಪ್ಪ ಈ ಕುರ್ಚಿಯಲ್ಲಿ ಕೂತ, ಇದೇ ದೀಪ ಅವನ ಬಾಯಿಗೆ ಬಿತ್ತು, ಎಲ್ಲಿ ನೋವು ಯಜಮಾನ್ರೇ, ಇಲ್ಲಿ ಅಂತ ಎಡಗಡೆ ತೋರಿಸಿದ, ಡಾಕ್ಟರಮ್ಮ ಕಡ್ಡಿಯಿಂದ ಬಡಿದು ನೋಡಿದಳು, ಇಲ್ಲೂ ನೋವಾ, ಹ್ಞೂಂ, ಇಲ್ಲಿ, ಅಲ್ಲೂ ಹ್ಞೂಂ, ಮೇಲ್ಗಡೆ, ಅಲ್ಲೂನೂವೆ, ಆ ಹುಡುಗಿ ಕಡ್ಡಿ ಕೆಳಗಿಟ್ಟು ನಕ್ಕುಬಿಟ್ಟಳು, ಒಂದೂ ಹುಳುಕಿಲ್ಲ, ಒಂದೂ ಅಲ್ಲಾಡೋದಿಲ್ಲ, ಈ ವಯಸ್ಸಿಗೆ ಇಂಥ ಹಲ್ಲು ನಾನು ನೋಡೇ ಇಲ್ಲ, ಯಾರು ಹೇಳಿದ್ರು ನಿಮಗೆ ಹಲ್ಲುನೋವು ಅಂತ — ಮುನಿರಾಮಪ್ಪ ಮೆಲ್ಲಗೆ ಎದ್ದು ಕೂತ, ಟವೆಲಿನಿಂದ ಬಾಯೊರೆಸಿಕೊಂಡ, ತನ್ನ ಕಡೆಗೆ ನೋಡಲಿಲ್ಲ, ನೋವು ನಂಗಲ್ಲಮ್ಮ, ಇವಳಿಗೆ, ವರ್ಷ ಆಯ್ತು, ಕೇಳಿದ್ರೆ ಏನಿಲ್ಲ ಅಂತಾಳೆ, ಮದ್ವೆ ಆದಾಗಿಂದ ಎಡಮಗ್ಗುಲಿಗೆ ಮಲಗೋಳು ಬಲಮಗ್ಗುಲಿಗೆ ಮಲಗ್ತಾಳೆ, ನನ್ಗೇನು ತಿಳಿಯಲ್ವಾ, ನೇರವಾಗಿ ಕರೆದ್ರೆ ಜೀವ ಹೋದ್ರೂ ಬರಲ್ಲ, ಅದಕ್ಕೇ ನಂಗೆ ಅಂತ ಹೇಳ್ಕೊಂಡು ಕರ್ಕೊಂಬಂದೆ, ನೋಡಿ ಒಸಿ.

ಕೋಪ ಬಂತು, ಕಾಲಲ್ಲಿ ಬಂತು ಮೊದಲು, ಎದ್ದು ಹೊರಟೇಬಿಟ್ಟಳು, ಬಾಗಿಲು ದಾಟಿ ಪಡಸಾಲೆಯವರೆಗೂ, ಅಲ್ಲಿ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತವರೆಲ್ಲ ತಲೆಯೆತ್ತಿ ನೋಡಿದರು, ಹಿಂದೆಯೇ ಬಂದ ಡಾಕ್ಟರಮ್ಮ ಕೈ ಹಿಡಿಯಲಿಲ್ಲ, ತಡೆಯಲಿಲ್ಲ, ಯಾಕಮ್ಮಾ ಹೆದರಿಕೆ ಅಂತ ಕೇಳಿದಳು ಅಷ್ಟೇ, ಅಷ್ಟಕ್ಕೇ ತನ್ನ ಬಾಯಿಂದ ಅಮ್ಮ ಹೊರಗೆ ಬಂದಳು, ಸಂತೆ, ಗೋಣಿಚೀಲ, ಇಕ್ಕಳ, ಎಲ್ಲ, ಅಷ್ಟು ಜನರ ಎದುರಿಗೆ, ಹಲ್ಲು ಕಿತ್ತಿದ್ದಕ್ಕೇ ನಮ್ಮಮ್ಮ ಸತ್ತಳು ಕಣಮ್ಮಾ ಅಂದಳು, ಆ ಹುಡುಗಿ ಪೂರ್ತಿ ಕೇಳಿಸಿಕೊಂಡು, ನಿಮ್ಮಮ್ಮನಿಗೆ ಗಲ್ಲ ಊದಿಕೊಂಡಿದ್ದು ಕಿತ್ತ ಮೇಲಾ, ಕೀಳೋಕೆ ಮುಂಚೆನಾ ಅಂತ ಕೇಳಿದಳು — ಏನು ಪ್ರಶ್ನೆ ಅದು, ಕಿತ್ತ ಮೇಲೆ, ಕಿತ್ತ ಮೇಲೇ ಅಲ್ಲವೇ, ಅಮ್ಮ ಸಂತೆಗೆ ನಡೆದು ಹೋಗುತ್ತಿದ್ದಾಳೆ, ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಾಳೆ, ಬಿಸಿಲಿಗಲ್ಲ, ಮೋಡದ ದಿನ ಅದು, ಅವಳ ಒಂದು ಕಣ್ಣು ಬಾವಿಗೆ ಬಿದ್ದ ಹಾಗೆ ಊತದೊಳಗೆ ಮುಳುಗಿದೆ, ತೋಪಿನಲ್ಲಿ ಜೊತೆಯವರು ಏನೇ ಆಂಜಿನಮ್ಮ ಮುಖ ಹೀಗಾಗಿದೆ ಅಂದರೆ ಏಮೀ ಲೇದು ಅನ್ನುತ್ತಿದ್ದಾಳೆ, ಅದು ಮಾವು ಕೊಯ್ಲಿನ ಶುರುವಿನಲ್ಲಿ, ಸಂತೆಗೆ ಹೋದದ್ದು ಕೊಯ್ಲು ಮುಗಿಯುವಾಗ, ಅಷ್ಟೂ ದಿನ ಅವಳು ಅನ್ನ ಉಣ್ಣಲಿಲ್ಲ, ಗಂಜಿ ಕುಡಿದಳು, ಕೀಳೋಕೆ ಮುಂಚೆ, ಮುಂಚೆನೇ ಅಂದಳು ಶಾಮಲಮ್ಮ, ಅಂದದ್ದು ತನ್ನ ದನಿಯೇ, ತನಗೇ ಗುರುತು ಸಿಗಲಿಲ್ಲ, ಹಲ್ಲಿನ ಬುಡದ ಕೀವು ಕತ್ತಿಗೆ ಇಳಿದಿದೆಯಮ್ಮ ಅಂದಳು ಡಾಕ್ಟರಮ್ಮ, ಕಿತ್ತಿದ್ದಕ್ಕಲ್ಲ, ಬಿಟ್ಟಿದ್ದಕ್ಕೆ, ಮೇಲೆ ಆ ಕೊಳಕು ಇಕ್ಕಳ ಬೇರೆ, ನಿಮ್ಮದೂ ಹಾಗೇ ಬಿಟ್ಟರೆ ನಾನು ಏನೂ ಹೇಳೋಕಾಗಲ್ಲ, ಈವತ್ತು ಬಂದಿದ್ದು ಒಳ್ಳೇದಾಯ್ತು — ನಲವತ್ತು ವರ್ಷ ತಪ್ಪಾಗಿ ಇಟ್ಟುಕೊಂಡಿದ್ದ ಅಮ್ಮನನ್ನು ಯಾರೋ ಎತ್ತಿ ಸರಿಯಾದ ಜಾಗದಲ್ಲಿ ಕೂರಿಸಿದ ಹಾಗಾಯಿತು, ಹೇಳಿದ್ದರೆ, ಅಮ್ಮ ಒಂದು ಮಾತು ಮುಂಚೆ ಹೇಳಿದ್ದರೆ, ಏಮೀ ಲೇದು ಅನ್ನುವ ಮಾತೇ ಅವಳನ್ನು ತಿಂದಿತು, ಆ ಮಾತನ್ನೇ ತಾನೂ ಒಂದು ವರ್ಷ ಗಂಡನಿಗೆ ಹೇಳಿದ್ದಾಳೆ, ಕನ್ನಡದಲ್ಲಿ, ಏನಿಲ್ಲ ಬಿಡಿ, ಏನಿಲ್ಲ — ಯಾರೂ ಕರೆಯಲಿಲ್ಲ, ತಾನೇ ಒಳಗೆ ನಡೆದು ಬಂದು ಕುರ್ಚಿಯಲ್ಲಿ ಒರಗಿದಳು.

ಈಗ ಒತ್ತುತ್ತಿದ್ದಾಳೆ, ನೋವಿಲ್ಲ, ಒತ್ತಡ ಮಾತ್ರ, ದೂರದಲ್ಲೆಲ್ಲೋ ಯಾರೋ ಗೂಟ ಅಲ್ಲಾಡಿಸುತ್ತಿರುವ ಹಾಗೆ, ಆ ಗೂಟಕ್ಕೂ ತನಗೂ ಸಂಬಂಧವಿಲ್ಲದ ಹಾಗೆ, ಕಿವಿಯೊಳಗೆ ಕರಕರ ಸದ್ದು, ಇಕ್ಕಳ ಬೆಳ್ಳಗೆ ಹೊಳೆಯುತ್ತಿದೆ, ಬಿಸಿನೀರಲ್ಲಿ ಕುದಿಸಿ ತೆಗೆದದ್ದನ್ನು ತಾನೇ ನೋಡಿದಳು, ತೋರಿಸಿಯೇ ತೆಗೆದಳು ಆ ಹುಡುಗಿ, ಕೈ ಕುರ್ಚಿಯ ತೋಳನ್ನು ಹಿಡಿದಿದೆ, ಹಿಡಿತಕ್ಕೆ ಬೆರಳು ನೋಯುತ್ತಿವೆ, ಅಷ್ಟರಲ್ಲಿ ಕಾಲಿಗೆ ಏನೋ ತಾಗಿತು, ಬೆಚ್ಚಗೆ, ಒರಟಾಗಿ, ಮುನಿರಾಮಪ್ಪ, ಯಾವಾಗ ಎದ್ದು ಬಂದನೋ, ಡಾಕ್ಟರಮ್ಮನ ಈಚೆ ಆಚೆ ಜಾಗವಿಲ್ಲದೆ ಕುರ್ಚಿಯ ಕೊನೆಯಲ್ಲಿ ನಿಂತು ತನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡಿದ್ದಾನೆ, ಛೀ ಬಿಡಿ, ಗಂಡಸು ಹೆಂಡತಿಯ ಕಾಲು ಹಿಡಿಯೋದಾ, ನೋಡಿದವರು ಏನಂದುಕೊಂಡಾರು, ಕಾಲು ಎಳೆದುಕೊಳ್ಳಬೇಕು, ಎಳೆದುಕೊಂಡರೆ ತಲೆ ಅಲ್ಲಾಡುತ್ತದೆ, ತಲೆ ಅಲ್ಲಾಡಿಸಬೇಡಿ ಅಂದಿದ್ದಾಳೆ, ಹಾಲು ಕರೆಯುವ ಕೈ ಅದು, ಹೆಬ್ಬೆರಳನ್ನು ಮೆತ್ತಗೆ ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ, ಒದೆಯುವ ಹಸುವನ್ನು ಸಮಾಧಾನ ಮಾಡುವಾಗ ಹೀಗೇ, ನಾನೇನು ಹಸುವಾ, ಇರಲಿ, ಹಿಡಿದುಕೊಂಡಿರಲಿ, ಬಿಡಬೇಡಿ, ಅಮ್ಮನ ಕೈ ಹಿಡಿದಿದ್ದವಳು ತಾನು, ತನ್ನ ಕೈ ಎಷ್ಟು ಚಿಕ್ಕದಿತ್ತು — ಆಯ್ತಮ್ಮಾ, ಬಂತು, ಇಷ್ಟೇ ಅಂದಳು ಡಾಕ್ಟರಮ್ಮ, ಇಷ್ಟೇನಾ, ತಟ್ಟೆಯ ಮೇಲೆ ಟಣ್ ಅಂತ ಬಿತ್ತು, ಕಪ್ಪು ತೂತಿನ, ಹಳದಿ ಬೇರಿನ ಒಂದು ಚೂರು, ಇದಕ್ಕಾ ಒಂದು ವರ್ಷ ಮನೆಯಲ್ಲಿ ಕಡಲೆ ಹುರಿಯಲಿಲ್ಲ.

ಹತ್ತಿ ಕಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಾಳೆ, ಬಾಯಿ ತೆರೆಯುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಇವತ್ತಿನ ಮಟ್ಟಿಗೆ ಬಿಸಿಯದ್ದು ಏನೂ ಇಲ್ಲ, ತಣ್ಣಗಿನ ಮೊಸರನ್ನ, ರಾಗಿ ಗಂಜಿ ಆರಿಸಿಕೊಂಡು, ಡಾಕ್ಟರಮ್ಮ ಹೇಳುತ್ತಿದ್ದರೆ ತಲೆಯಾಡಿಸುತ್ತಿರುವವನು ಮುನಿರಾಮಪ್ಪ, ಇನ್ನೆರಡು ಹಲ್ಲಿಗೆ ಸಿಮೆಂಟು ತುಂಬಿದರೆ ಉಳಿಯುತ್ತವೆ, ಕೀಳೋದು ಬೇಡ, ಮುಂದಿನ ವಾರ ಬನ್ನಿ, ವಸಡು ಕ್ಲೀನ್ ಮಾಡಿಕೊಡ್ತೀನಿ, ಇಲ್ಲಿ ಚೀಟಿಯ ದುಡ್ಡು ಬಿಟ್ರೆ ಬೇರೆ ದುಡ್ಡಿಲ್ಲ, ಅದಕ್ಕೆ ಯೋಚನೆ ಮಾಡಬೇಡಿ, ದಿನಕ್ಕೆ ಎಷ್ಟು ಸಲ ಟೀ ಕುಡೀತಾರೆ, ಲೆಕ್ಕ ಇಲ್ಲಮ್ಮ ಅನ್ನುತ್ತಾನೆ ಇವನು, ಹಾಲು ನಮ್ದೇ ಅಲ್ವಾ, ಸಕ್ಕರೆ ಬೇರೆ ಹಿಡಿ ಹಿಡಿ ಹಾಕ್ತಾಳೆ, ಮೇಲೆ ಬನ್ನು ಅದ್ಕೊಂಡು ತಿಂತಾಳೆ — ಬನ್ನು ಅದ್ದಿದ್ದು ಯಾಕೆ, ಹಲ್ಲು ನೋಯುತ್ತಿದ್ದದ್ದಕ್ಕೆ, ಹೇಳೋಣ ಅಂದರೆ ಹತ್ತಿ — ಸಕ್ಕರೆ ಕಮ್ಮಿ ಮಾಡಿ, ತಿಂದ ಮೇಲೆ ಬಾಯಿ ಮುಕ್ಕಳಿಸಲಿ, ಮಲಗೋಕೆ ಮುಂಚೆ ಒಂದು ಸಲ ಹಲ್ಲುಜ್ಜಲಿ, ಸೊಪ್ಪು, ರಾಗಿ, ಮೊಸರು ಹೇಗೂ ಇದೆ, ತರಕಾರಿ ನೀವೇ ಬೆಳೀತೀರಿ, ಸೌತೆಕಾಯಿ ಮೂಲಂಗಿ ಹಸಿಯಾಗಿ ಅಗಿದು ತಿನ್ನೋ ಹಾಗೆ ಮಾಡ್ತೀನಿ ನಾನು, ಕಡ್ಡಿಪುಡಿ ಹಾಕ್ತಾರಾ, ಇಲ್ಲ ಅಂತ ತಾನು ಕೈಯಾಡಿಸುವಷ್ಟರಲ್ಲೇ ಈ ಮನುಷ್ಯ, ಹ್ಞೂಂ ಕಣಮ್ಮಾ, ಸಾಸಿವೆ ಡಬ್ಬಿ ಹಿಂದೆ ಮಡಗಿರ್ತಾಳೆ, ನಾನೇ ಎರಡು ಸಲ ಹಿತ್ತಲಿಗೆಸೆದೆ, ಮತ್ತೆ ತರ್ತಾಳೆ — ಆಂ, ಇಲಿ ಎಳೆದುಕೊಂಡು ಹೋಯಿತು ಅಂದುಕೊಂಡಿದ್ದೆನಲ್ಲ, ಇಲಿ ಇದೇ ಏನು, ನಗು ಬಂತು, ನಕ್ಕರೆ ಹತ್ತಿ ಜಾರುತ್ತದೆ, ಅರ್ಧ ತುಟಿ ಮಾತ್ರ ನಗುತ್ತದೆ, ಇನ್ನರ್ಧ ಸತ್ತು ಮಲಗಿದೆ, ಡಾಕ್ಟರಮ್ಮ ಬೆನ್ನು ತಟ್ಟಿದಳು, ಕಡ್ಡಿಪುಡಿ ಬಿಟ್ಟುಬಿಡೀಮ್ಮ, ವಸಡು ತಿನ್ನೋದು ಅದೇ, ಬಾಯಲ್ಲಿ ಹುಣ್ಣಾದ್ರೆ ಆಮೇಲೆ ನನ್ನ ಕೈಲೂ ಆಗಲ್ಲ, ಅವಳ ಕಣ್ಣು ನೋಡಿ ತಲೆಯಾಡಿಸಿದಳು ಶಾಮಲಮ್ಮ, ಬಿಡ್ತೀನಿ ಅಂತ, ಆ ತಲೆಯಾಡಿಸಿದ್ದು ಸುಳ್ಳಲ್ಲ.

ಕೋಲಾರದ ಬಸ್ ಸ್ಟ್ಯಾಂಡು, ಬಿಸಿಲು, ಧೂಳು, ಟೊಮೇಟೊ ಕ್ರೇಟು ತುಂಬಿದ ಲಾರಿಗಳ ಹಾರನ್ನು, ಸುಗಟೂರಿನ ಬಸ್ಸು ಇನ್ನೂ ಬಂದಿಲ್ಲ, ನೆರಳಿನಲ್ಲಿ ತನ್ನನ್ನು ಕೂರಿಸಿ ಅವನು ಪಕ್ಕದಲ್ಲಿ ಕೂತ, ಬೈಯುತ್ತಾಳೆ ಅಂತ ಕಾಯುತ್ತಿದ್ದಾನೆ, ಹತ್ತಿ ತೆಗೆಯುವ ಹೊತ್ತಾದ ಮೇಲೆ ಅಂತ, ಬೈಯೋದಕ್ಕೆ ಹುಡುಕಿದರೆ ಒಳಗೆ ಏನೂ ಸಿಗುತ್ತಿಲ್ಲ, ನಿಪ್ಪಟ್ಟಿನ ಡಬ್ಬಿ ಸಿಗುತ್ತದೆ, ತಮ್ಮನ ಎಲೆಗೆ ಹಾಕಿದ ಮೂಳೆ ಸಿಗುತ್ತದೆ, ಒಂದು ವರ್ಷ, ಕಲ್ಲಿನಂಥ ಹಲ್ಲು ಇಟ್ಟುಕೊಂಡು ಸಪ್ಪೆ ಸಾರು ಉಂಡ ಗಂಡಸು, ಊರವರು ಮುದುಕ ಅಂದರೂ ಸುಮ್ಮನಿದ್ದ, ಎದುರಿಗೆ ಕಂಬದ ಬಳಿ ಸೀಬೆಕಾಯಿ ಮಾರುವವಳು, ಮಂಕರಿಯಲ್ಲಿ ಗುಡ್ಡೆ, ಹಸಿರು, ದೋರೆ, ಉಪ್ಪು ಖಾರ ಬೆರೆಸಿದ ತಟ್ಟೆ, ಅವನ ಕಣ್ಣು ಅಲ್ಲಿಗೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು, ಬಾಳೇಹಣ್ಣು ತರಲೇನೇ, ಮನೆಗೋಗಿ ಕಿವುಚ್ಕೊಂಡು ತಿನ್ನುವಂತೆ ಅಂದ, ಬೇಡ ಅಂತ ಕೈಯಾಡಿಸಿದಳು, ಎದ್ದಳು, ಎಲ್ಲಿಗೇ ಅಂದ, ತಾನೇ ಹೋಗಿ ಮಂಕರಿಯ ಮುಂದೆ ಬಗ್ಗಿ, ಹಿಚುಕಿ ನೋಡಿ ಗಟ್ಟಿಯಾದದ್ದನ್ನು, ಇನ್ನೂ ಗಟ್ಟಿಯಾದದ್ದನ್ನು ಆರಿಸಿದಳು, ಕೊಯ್ದು ಕೊಡ್ಲೇನಮ್ಮ ಅಂದಳು ಮಾರುವವಳು, ಬೇಡ ಅಂತ ತಲೆಯಾಡಿಸಿ, ಸೆರಗಿನಿಂದ ಒರೆಸಿ ತಂದು ಅವನ ಕೈಯಲ್ಲಿಟ್ಟಳು, ಬ್ಯಾಡ ಕಣೇ, ನೀನು ತಿನ್ನಂಗಾಗು, ಇಬ್ರೂ ತಿನ್ನಾಣ, ಕೈ ಹಿಂದಕ್ಕೆ ಬಂತು, ಅವಳು ಮತ್ತೆ ಮುಂದಕ್ಕೆ ತಳ್ಳಿದಳು, ಬಾಯಿ ತೋರಿಸಿದಳು, ಅವನ ಬಾಯಿ, ಕಣ್ಣು ಅಗಲಿಸಿ ಹೆದರಿಸಿದಳು, ಆ ಮೇಲೆ ಅವನು ಆ ಕಡೆ ಈ ಕಡೆ ನೋಡಿ, ತಪ್ಪು ಮಾಡುವವನ ಹಾಗೆ, ಕಾಯಿಯನ್ನು ಬಾಯಿಗೆ ತಂದ, ಕಚ್ಚಿದ — ಕಟಕ್ — ಬಸ್ ಸ್ಟ್ಯಾಂಡಿನ ಅಷ್ಟು ಗದ್ದಲದಲ್ಲೂ ಅದೊಂದೇ ಸದ್ದು, ಕಣ್ಣು ಮುಚ್ಚಿ ಅಗಿದ, ಗಲ್ಲದ ನರ ಎದ್ದು ಬಿದ್ದು, ಎದ್ದು ಬಿದ್ದು, ಕೈಯಲ್ಲಿ ಉಳಿದ ಕಾಯಿ, ಅದರ ಬಿಳಿಯ ಮೈಮೇಲೆ ಸಾಲಾಗಿ ಹಲ್ಲಿನ ಗುರುತು, ಸಂಜೆ ಡೇರಿಗೆ ಹಾಲು ಹಾಕಬೇಕು, ಹಸುವಿಗೆ ಹುಲ್ಲು, ಹಲ್ಲಿನ ಗುರುತು, ಗಂಗಾಗೆ ಫೋನು ಮಾಡಿ ಬೈಯಬೇಕು ಆ ಕಳ್ಳಿಗೆ, ಒಂದೊಂದು ಹಲ್ಲಿಗೂ ಒಂದೊಂದು ಗೆರೆ, ಅಚ್ಚು ಒತ್ತಿದ ಹಾಗೆ, ಬಸ್ಸು ಬಂತು ಅಂತ ಯಾರೋ ಕೂಗುತ್ತಿದ್ದಾರೆ, ಏಳೇ ಶಾಮ್ಲಾ, ಸೀಟು ಸಿಗಲ್ಲ, ಏಳಬೇಕು, ಏಳುತ್ತೇನೆ, ಆ ಬಿಳಿಯ ಮೇಲೆ ಅವನ ಹಲ್ಲು, ಸಾಲಾಗಿ, ಒಂದೂ ಬಿಡದೆ, ಅವನ ಹಲ್ಲು